ಅವ್ವನ ದಿನ

ಮಕ್ಕಳ ಬೇಸಿಗೆ ಶಿಬಿರದಲ್ಲಿ ದಿನಕ್ಕೊಂದು ಹೆಸರಿಡುವ ಕೆಲಸ ನನಗೆ ಮೊದಲಿನಿಂದಲೂ ಹಿಡಿಸಿದ್ದಲ್ಲ. ಹಕ್ಕಿಯ ದಿನ, ನೀರಿನ ದಿನ, ಸೂರ್ಯನ ದಿನ, ಸಂತೆಯ ದಿನ. ಹೆಸರಿಟ್ಟ ಮೇಲೆ ದಿನ ಆ ಹೆಸರಿಗೆ ತಕ್ಕ ಹಾಗೆ ನಡೆದುಕೊಳ್ಳಬೇಕಲ್ಲ, ನಡೆದುಕೊಳ್ಳುವುದಿಲ್ಲ. ಒಂದು ವರ್ಷ ನೀರಿನ ದಿನವೇ ಬೋರ್‌ವೆಲ್ಲಿನ ಮೋಟರು ಸುಟ್ಟುಹೋಯಿತು. ನಾನು ಕಲಿಸಿದ ಮಳೆಯ ಹಾಡು ಹೇಳುತ್ತಾ ಮಕ್ಕಳು ಬಕೆಟ್ ಹಿಡಿದು ಟ್ಯಾಂಕರಿಗೆ ಕಾದರು. ಫೋಟೋದಲ್ಲಿ ಮಾತ್ರ ಎಲ್ಲವೂ ಚೆನ್ನಾಗಿ ಬಂದಿದೆ. ಶಿಬಿರದ ಫೋಟೋಗಳನ್ನು ನಾನೀಗ ನೋಡುವುದಿಲ್ಲ, ಅದರಲ್ಲೂ ಈ ಬೇಸಿಗೆಯವನ್ನು.

ಪರೀಕ್ಷೆಗಳು ಮುಗಿದ ಮೇಲೆ ಮಧುಗಿರಿಯಲ್ಲಿ, ಬೆಟ್ಟದ ಬುಡದ ಒಂದು ಶಾಲೆಯಲ್ಲಿ ಈ ಶಿಬಿರ ನಡೆಯುತ್ತದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ನಾಲ್ಕೂ ಕಡೆಯ ಮಕ್ಕಳು ಬಂದು ಅಲ್ಲೇ ಉಳಿಯುತ್ತಾರೆ. ಬೆಟ್ಟದ ಬಂಡೆ ಹಗಲೆಲ್ಲ ಕಾದು, ಸಂಜೆಗೆ ಆ ಬಿಸಿಯನ್ನೆಲ್ಲ ನಮ್ಮ ಮೇಲೆ ಬಿಡುತ್ತದೆ. ವರ್ಷವೆಲ್ಲ ಕೊರಟಗೆರೆ ತಾಲ್ಲೂಕಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುವ ನಾನು ರಜೆಯಲ್ಲಿ ಇಲ್ಲಿಗೆ ಬಂದು ಹಾಡು ಹೇಳಿಕೊಡುತ್ತೇನೆ. ಮನೆಯಲ್ಲಿ ಫ್ಯಾನಿನ ಕೆಳಗೆ ಮಲಗಬಾರದೇ ಎಂದು ಪ್ರತಿ ವರ್ಷವೂ ಬೈದುಕೊಳ್ಳುತ್ತೇನೆ, ಪ್ರತಿ ವರ್ಷವೂ ಬರುತ್ತೇನೆ.

ಶಿಬಿರ ನಡೆಸುವವರು ನಿವೃತ್ತರಾದ ಒಬ್ಬ ಮೇಷ್ಟ್ರು. ಅವರದೊಂದು ಕಟ್ಟುಪಾಡಿದೆ. ಯಾವ ದಿನಕ್ಕೆ ಯಾವ ಹೆಸರೇ ಇಡಿ, ಅದರ ಕೆಳಗೆ ಒಂದು ಹಾಡು, ಒಂದು ಆಟ, ಒಂದು ಕೈಕೆಲಸ, ಒಂದು ತಿನಿಸು ಇರಲೇಬೇಕು. ನಾಲ್ಕರಲ್ಲಿ ಒಂದು ಸಿಗದಿದ್ದರೂ ಆ ಹೆಸರನ್ನು ಕೈಬಿಡಬೇಕು. ಮಧ್ಯಾಹ್ನ ಊಟವಾಗಿ ಮಕ್ಕಳು ಶಾಲೆಯ ಹಾಲ್‌ನ ತಣ್ಣನೆಯ ನೆಲದ ಮೇಲೆ ಉರುಳಿಕೊಂಡಾಗ, ನಾವು ಜಗಲಿಯಲ್ಲಿ ಕೂತು ಶಿರಾದ ಕಡಲೆಕಾಯಿ ಬಿಡಿಸುತ್ತಾ ಈ ನಾಲ್ಕನ್ನು ಹೊಂದಿಸುತ್ತಿದ್ದೆವು. ಹಕ್ಕಿಯ ದಿನಕ್ಕೆ ತಿನಿಸೇ ಹೊಳೆಯಲಿಲ್ಲ. ಕೊನೆಗೆ ನವಣೆ ಉಂಡೆ ಕಟ್ಟಿಸಿ, "ಹಕ್ಕಿ ತಿನ್ನೋದ್ನೇ ನಾವೂ ತಿನ್ನಣ ಬುಡಿ" ಎಂದು ಮೇಷ್ಟ್ರೇ ಪಾರುಮಾಡಿದರು. ಸೂರ್ಯನ ದಿನ ಬೇರೆ ಊರಿನ ಮಕ್ಕಳೆಲ್ಲ ದುಂಡನೆಯ ಸೂರ್ಯನಿಗೆ ಕಿರಣ ಎಳೆದರೆ, ಪಾವಗಡದ ಮಕ್ಕಳು ಅವನ ಕೆಳಗೆ ಸಾಲುಸಾಲಾಗಿ ಸೋಲಾರ್ ಪ್ಲೇಟುಗಳನ್ನು ಬರೆದರು. ಅವರ ಕಡೆ ಹೊಲಗಳ ತುಂಬ ಅವೇ, ಅವರ ಪಾಲಿಗೆ ಸೂರ್ಯ ಎಂದರೆ ಅದೂ ಸೇರಿತ್ತು.

ಈ ಚಿತ್ರ, ಕಾಗದ, ಮಣ್ಣಿನ ಕೆಲಸವನ್ನೆಲ್ಲ ಕಲಿಸುತ್ತಿದ್ದವಳು ತೋವಿನಕೆರೆ ಕಡೆಯ ಹೆಣ್ಣುಮಗಳು. ನನಗಿಂತ ಬಹಳ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಿದ್ದಳು. ಮಕ್ಕಳಿಗೆ ನಾನು ಹಾಡಿನ ಮಿಸ್, ಅವಳು ಬಣ್ಣದ ಮಿಸ್. ಅವಳನ್ನು ಪಾವಗಡದ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಒಂದು ಹಳ್ಳಿಗೆ ಕೊಟ್ಟಿದ್ದರು. ಗಂಡನೊಂದಿಗೆ ಬಾಳುವೆ ಸರಿಹೋಗಲಿಲ್ಲ. ಮಗಳಿಗೆ ಮೂರು ತುಂಬುವ ಮೊದಲೇ ಅವಳು ತವರಿಗೆ ಬಂದುಬಿಟ್ಟಳು. ಮಗುವನ್ನು ಗಂಡನ ಮನೆಯವರು ಬಿಟ್ಟುಕೊಡಲಿಲ್ಲ. ಯಾರ ತಪ್ಪು ಎಷ್ಟು ಎಂದು ನಾನು ಕೆದಕಲು ಹೋಗಲಿಲ್ಲ. ಹಬ್ಬಕ್ಕೊಮ್ಮೆ ಪಾವಗಡದ ಬಸ್‌ಸ್ಟ್ಯಾಂಡಿಗೆ ಹೋಗಿ, ಅಲ್ಲಿನ ಬೆಂಚಿನ ಮೇಲೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಜ್ಯೂಸ್ ಕುಡಿಸಿ, ಒಯ್ದ ಬಟ್ಟೆ ಕೊಟ್ಟು ಬರುತ್ತಿದ್ದಳು. ಮಗಳು ಥ್ಯಾಂಕ್ಸ್ ಎನ್ನುತ್ತಿದ್ದಳಂತೆ.

"ನೆಂಟರಿಗೆ ಹೇಳ್ದಂಗೆ ಹೇಳ್ತಾಳೆ ಅಕ್ಕ" ಎಂದಿದ್ದಳು ಒಮ್ಮೆ.

ಈ ವರ್ಷ ಆ ಮಗಳು ಐದನೆಯ ತರಗತಿ ಮುಗಿಸಿ ನಮ್ಮ ಶಿಬಿರಕ್ಕೇ ಬಂದಳು. ಅವಳ ಅಪ್ಪ ಒಪ್ಪಿದ್ದು ಹೇಗೆಂದು ನಮಗಾಗ ತಿಳಿಯಲಿಲ್ಲ. ಬಣ್ಣದ ಮಿಸ್‌ಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮಕ್ಕಳ ಹಾಸಿಗೆಗಳನ್ನು ಜೋಡಿಸುತ್ತಾ ನನಗೆ ಹೇಳಿದಳು: "ಊರಿಗೆ ಬಂದವ್ಳು ನೀರಿಗೆ ಬರ್ದೆ ಇರ್ತಾಳಾ ಅಕ್ಕ? ಇಷ್ಟು ದಿನ ಜೊತೇಲೇ ಇರ್ತಾಳಲ್ಲ. ಎಲ್ಲಾರ ಎದುರಿಗೆ ಒಂದ್ಸಲ ಬಾಯ್ತುಂಬ ಅವ್ವ ಅಂದ್ಬುಟ್ರೆ ಸಾಕು ನಂಗೆ."

ಆದರೆ ಮೇಷ್ಟ್ರ ಇನ್ನೊಂದು ಕಟ್ಟುಪಾಡು ಅಡ್ಡ ಬಂತು. ಸಿಬ್ಬಂದಿಯ ಮಕ್ಕಳು ಶಿಬಿರದೊಳಗೆ ಎಲ್ಲರಂತೆಯೇ ಇರಬೇಕು. "ಹೆತ್ತೋರಿಗೆ ಹೆಗ್ಗಣ ಮುದ್ದು ಕಣಮ್ಮ, ಇಲ್ಲಿ ಎಲ್ಲಾ ಹೆಗ್ಗಣಾನೂ ಒಂದೇ" ಎಂದು ಅವರು ನಗುನಗುತ್ತಲೇ ಹೇಳಿದರು. ಅವಳು ಅದನ್ನು ಅಕ್ಷರಶಃ ಪಾಲಿಸಿದಳು. ಮೊದಲ ದಿನವೇ ಮಗಳನ್ನು ಪಕ್ಕಕ್ಕೆ ಕರೆದು, ಇಲ್ಲಿ ಎಲ್ಲರ ಮುಂದೆ ನನ್ನನ್ನು ಮಿಸ್ ಅನ್ನಬೇಕು ಎಂದಳು. ಮಗಳು ಹೂಂ ಎಂದಳು. ಆ ಹುಡುಗಿ ಹೇಳಿದ ಮಾತು ಕೇಳುವವಳು, ಬೇಕಾದುದಕ್ಕಿಂತ ಹೆಚ್ಚಾಗಿಯೇ. ಒಂದು ಬೆಳಗ್ಗೆ ನೀರಿನ ತೊಟ್ಟಿಯ ಹಿಂದೆ ಯಾರೂ ಇಲ್ಲದಾಗ ಬಣ್ಣದ ಮಿಸ್ ಅವಳ ತಲೆ ಬಾಚುತ್ತಿದ್ದಳು. ಸಿಕ್ಕು ಬಿಡಿಸುವಾಗ ಎಳೆದಂತಾಗಿ ಹುಡುಗಿ, "ಸಾಕು ಮಿಸ್" ಎಂದಳು. ಹಲ್ಲುಜ್ಜಲು ಹೋಗಿದ್ದ ನನ್ನ ಕಿವಿಗೂ ಬಿತ್ತು. ಅವಳ ತಾಯಿ ಬಾಚುವುದನ್ನು ನಿಲ್ಲಿಸಲಿಲ್ಲ, ನನ್ನ ಕಡೆ ನೋಡಲೂ ಇಲ್ಲ.

ಕೊನೆಯ ದಿನಕ್ಕೆ ಏನು ಹೆಸರಿಡುವುದೆಂಬ ಮಾತು ಬಂದಾಗ ಅವಳು ಅದನ್ನೆಲ್ಲ ಮೊದಲೇ ಯೋಚಿಸಿಕೊಂಡು ಬಂದಿದ್ದಳು. ಅಂದು ಮನೆಯವರು ಬಂದು ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ. ಹೇಗೂ ಬರುವ ತಾಯಂದಿರನ್ನು ಸಾಲಾಗಿ ಕೂರಿಸಿ, ಮಕ್ಕಳಿಂದ ಅವರ ಮಡಿಲು ತುಂಬಿಸೋಣ ಎಂದಳು. ತವರಿನಿಂದ ಹೊರಟ ಹೆಣ್ಣುಮಗಳ ಸೆರಗಿಗೆ ತಾಯಿ ಅಕ್ಕಿ, ಬೆಲ್ಲ, ಕಾಯಿ, ಎಲೆ ಅಡಿಕೆ ಹಾಕಿ ಕಳಿಸುವುದು ನಮ್ಮಲ್ಲಿನ ರೂಢಿ. ಅದನ್ನೇ ತಿರುಗಿಸಿ, ಮಕ್ಕಳು ತಾಯಿಗೆ ತುಂಬಲಿ ಎಂಬುದು ಅವಳ ಯೋಜನೆ. ಕೈಕೆಲಸಕ್ಕೆ ಮಕ್ಕಳೇ ಬಣ್ಣ ಹಚ್ಚಿದ ಮೊರ ಮತ್ತು ಕಾಗದದ ಹೂವು, ತಿನಿಸಿಗೆ ಮಾವಿನ ಸೀಕರಣೆ, ಆಟಕ್ಕೆ ತಾಯಂದಿರ ಕುಂಟಬಿಲ್ಲೆ, ಹಾಡಿಗೆ ಹೇಗೂ ನಾನಿದ್ದೆ. ನಾಲ್ಕೂ ಕೂಡಿದವು.

ಹೆಸರು ಉಳಿದಿತ್ತು. ಯಾರೋ ತಾಯಂದಿರ ದಿನ ಎಂದರು, ನಾನು ಅಮ್ಮನ ದಿನ ಎಂದೆ. ಮೇಷ್ಟ್ರಿಗೆ ಎರಡೂ ರುಚಿಸಲಿಲ್ಲ. "ತಾಯಂದಿರ ದಿನ ಅಂದ್ರೆ ಆಸ್ಪತ್ರೆ ಬೋರ್ಡ್ ಓದ್ದಂಗೈತೆ. ಅಮ್ಮ ಅನ್ನೋದು ಟೌನ್ ಮಾತು. ನಾವೆಲ್ಲಾ ಅವ್ವ ಅಂತ್ಲೇ ಬೆಳೆದೋರು. ಅವ್ವನ ದಿನ ಅಂತ ಹಾಕ್ಬುಡಿ."

ಹಾಗೆಂದೇ ಹಾಕಿದೆವು. ಮಕ್ಕಳ ಅವ್ವಂದಿರು ತಪ್ಪದೆ ಬರಬೇಕು ಎಂದು ಎಲ್ಲ ಮನೆಗಳಿಗೂ ವಾಟ್ಸಾಪಿನಲ್ಲಿ ಸುದ್ದಿ ಹೋಯಿತು. ಜಗಲಿಯ ಮೇಲಿದ್ದವರೆಲ್ಲ ಅವ್ವನ ಮಡಿಲಲ್ಲಿ ಬೆಳೆದವರೇ ಆದ್ದರಿಂದ ಆ ಮಾತಿಗೆ ಇನ್ನೊಂದು ಅರ್ಥ ಇರಬಹುದೆಂದು ಯಾರಿಗೂ ಹೊಳೆಯಲಿಲ್ಲ. ಹೊಳೆಯಬೇಕಾದವಳು ಒಬ್ಬಳಿದ್ದಳು. ಅವಳ ತಲೆಯಲ್ಲಿ ಬೇರೆಯೇ ಓಡುತ್ತಿತ್ತು.

"ಅವತ್ತೊಂದಿನ ನಾನು ಮಿಸ್ ಅಲ್ಲ ಅಕ್ಕ" ಎಂದಳು ಸಂಜೆ, ಮೊರಗಳಿಗೆ ಸುಣ್ಣದ ಪಟ್ಟಿ ಬಳಿಯುತ್ತಾ. "ಮೇಷ್ಟ್ರ ರೂಲ್ಸೂ ಇಲ್ಲ. ಅವಳು ಮೊರ ಹಿಡ್ಕೊಂಡು ನನ್ನ ಹತ್ರ ಬರ್ಲೇಬೇಕಲ್ಲ."

ನನಗೆ ಹೆದರಿಕೆಯಾಯಿತು. ಮಕ್ಕಳ ಮೇಲೆ ಅಷ್ಟು ಭಾರ ಹೊರಿಸಬಾರದು ಎಂದು ಹೇಳಬೇಕೆನ್ನಿಸಿತು. ಆದರೆ ಅವಳ ಮುಖ ಎಂದೂ ಇಲ್ಲದಷ್ಟು ಬೆಳಗಿತ್ತು, ನಾನು ಸುಮ್ಮನೆ ಬಣ್ಣ ಕಲೆಸಿಕೊಟ್ಟೆ.

ಆ ದಿನ ಬಂತು. ಎಂದೂ ಚೂಡಿದಾರ್ ಬಿಡದವಳು ಬೆಳಗ್ಗೆಯೇ ಸೀರೆ ಉಟ್ಟು ಬಂದಳು. ಮಡಿಲು ತುಂಬಿಸಿಕೊಳ್ಳಲು ಸೆರಗು ಬೇಕಲ್ಲ. ಕಾಟನ್ ಸೀರೆ, ಇಸ್ತ್ರಿಯ ಗೆರೆಗಳು ಇನ್ನೂ ಹಾಗೇ ಇದ್ದವು. ಮಧುಗಿರಿ, ಕೊರಟಗೆರೆಯ ತಾಯಂದಿರು ಮೊದಲು ಬಂದು ಜಮಖಾನದ ಮೇಲೆ ಕೂತರು. ಶಿರಾದಿಂದ ಬಂದ ಒಬ್ಬ ಹುಡುಗಿಯ ತಾಯಿ ಬುರ್ಖಾ ಮಡಚಿಟ್ಟು, ಇದೆಲ್ಲ ನಾನೂ ಮಾಡಬಹುದಾ ಎಂದು ಕೇಳಿ, ಮೇಷ್ಟ್ರು ಹೂಂ ಎಂದ ಮೇಲೆ ದುಪಟ್ಟಾ ಸರಿಮಾಡಿಕೊಂಡು ಕೂತಳು. ಅವಳ ಮಗಳು ಅಮ್ಮೀ ಅಮ್ಮೀ ಎಂದು ಹಿಂದೆಮುಂದೆ ಓಡಾಡಿದಳು.

ಆಮೇಲೆ ಪಾವಗಡದ ಬಸ್ಸು ಬಂತು. ಗೇಟಿನ ಹತ್ತಿರ ನಿಂತಿದ್ದ ನಾವು ಬಾಯಿಬಿಟ್ಟು ನೋಡಿದೆವು. ಇಳಿದವರೆಲ್ಲ ಮುದುಕಿಯರು. ಒಬ್ಬಳ ಕೈಹಿಡಿದು ಇನ್ನೊಬ್ಬಳು, ಕೋಲೂರಿಕೊಂಡು ಮತ್ತೊಬ್ಬಳು, ಎಲ್ಲರ ಕೈಯಲ್ಲೂ ಬಟ್ಟೆಯ ಚೀಲ.

"ಇದೇನ್ಲಾ ಇದು, ಅಜ್ಜೀರ ದಂಡೇ ಬಂತು" ಎಂದರು ಮೇಷ್ಟ್ರು.

ಮುಂದೆ ಬಂದವಳು, "ಅವ್ವ ಅಂಟೆ ಮೇಮೇ ಕದಮ್ಮಾ" ಎಂದಳು ನನಗೆ. ಅವ್ವ ಅಂದರೆ ನಾವೇ ತಾನೆ. ಆಗ ತಿಳಿಯಿತು. ಪಾವಗಡದ ತೆಲುಗು ಮನೆಗಳಲ್ಲಿ ಹೆತ್ತವಳು ಅಮ್ಮ. ಅವ್ವ ಎಂದರೆ ಅಜ್ಜಿ. ನಮ್ಮ ಸುದ್ದಿ ಓದಿಕೊಂಡು ಅಲ್ಲಿನವರು ತಾಯಂದಿರನ್ನು ಹೊಲಕ್ಕೆ, ಕೂಲಿಗೆ ಕಳಿಸಿ, ಅಜ್ಜಿಯರನ್ನು ಬಸ್ಸು ಹತ್ತಿಸಿದ್ದರು. ಎಲ್ಲರೂ ನಕ್ಕರು. ಮೇಷ್ಟ್ರಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನೂ ನಕ್ಕೆ.

ಕೊನೆಗಿಳಿದ ಮುದುಕಿಯನ್ನು ನೋಡಿ ಬಣ್ಣದ ಮಿಸ್ ನಗು ನಿಲ್ಲಿಸಿದಳು. "ನಮ್ಮತ್ತೆ ಅಕ್ಕ" ಎಂದಳು ಮೆಲ್ಲಗೆ.

ನಾನು ಜಗಳಕ್ಕೆ ಸಿದ್ಧಳಾದೆ. ಆ ಮುದುಕಿ ನೆಟ್ಟಗೆ ಬಂದು ಸೊಸೆಯ ಗಲ್ಲ ಮುಟ್ಟಿ, ಇಳಿದುಹೋಗಿದ್ದೀಯ ಎಂದಳು. ಆಮೇಲೆ ನನ್ನ ಕಡೆ ತಿರುಗಿ ತನ್ನ ತೆಲುಗು ಬೆರೆತ ಕನ್ನಡದಲ್ಲಿ, ಮಗನ ಹತ್ತಿರ ಗುದ್ದಾಡಿ ಮೊಮ್ಮಗಳನ್ನು ಕಳಿಸಿದ್ದು ತಾನೇ ಎಂದು ಹೇಳಿದಳು. "ತಲ್ಲಿ ಬಿಡ್ಡ ನಾಲ್ಕು ದಿನ ಒಂದು ಕಡೆ ಇರ್ಲಿ ಅಂತ ಕಳಿಸಿದ್ದಮ್ಮಾ." ತಲ್ಲಿ ಬಿಡ್ಡ ಎಂದರೆ ತಾಯಿ ಮಗು. ಕೋಪ ಮಾಡಿಕೊಳ್ಳಲು ನನಗೆ ಯಾರೂ ಉಳಿಯಲಿಲ್ಲ. ಅದೇ ಬಹಳ ಕಷ್ಟವಾಯಿತು.

ಮೇಷ್ಟ್ರು ಬಂದವರನ್ನೆಲ್ಲ ಒಂದೇ ಸಾಲಿನಲ್ಲಿ ಕೂರಿಸಿ, ಅವ್ವನೋ ಅಜ್ಜಿಯೋ, ಬಂದವರಿಗೆಲ್ಲ ಮಡಿಲು ತುಂಬಿ ಎಂದರು. ಯಾರ ಮನೆಯಿಂದ ಹೆಂಗಸರು ಬಂದಿಲ್ಲವೋ ಆ ಮಕ್ಕಳು ಮಿಸ್‌ಗಳಿಗೆ ತುಂಬಬೇಕು ಎಂದರು. ಬಣ್ಣದ ಮಿಸ್ ಸಾಲಿನ ಈ ತುದಿಯಲ್ಲಿ ಕೂತಳು. ಅವಳ ಅತ್ತೆಗೆ ಜಾಗ ಸಿಕ್ಕಿದ್ದು ಆ ತುದಿಯಲ್ಲಿ.

ನಾನು ಹಾಡು ಶುರುಮಾಡಿದೆ. ಮಕ್ಕಳು ಒಬ್ಬೊಬ್ಬರಾಗಿ ಮೊರ ಹಿಡಿದು ಬಂದರು. ಹಿಡಿ ಅಕ್ಕಿ, ಬೆಲ್ಲದ ಚೂರು, ಕಡಲೆಕಾಯಿ, ಮೇಲೆ ಕಾಗದದ ಹೂವು. ತಾಯಂದಿರು ಮೊದಲು ನಕ್ಕು, ಸೆರಗು ತುಂಬುತ್ತಿದ್ದಂತೆ ಅತ್ತರು. ಆ ಹುಡುಗಿಯ ಸರದಿ ಬಂತು. ಬಾಗಿಲಿನಲ್ಲಿ ನಿಂತು ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಇಲ್ಲಿ ಸೆರಗು ಬಿಡಿಸಿ ಹಿಡಿದಿದ್ದ ತಾಯಿಯನ್ನೂ ನೋಡಿದಳು. ಹಾಡಿನ ಸಾಲು ನನಗೆ ಮರೆತುಹೋಗಿ ಅದನ್ನೇ ಎರಡು ಸಲ ಹೇಳಿದೆ. ಹುಡುಗಿ ಆ ತುದಿಗೆ ನಡೆದಳು.

ಮುದುಕಿ ಕೈ ಹಿಂದಕ್ಕೆಳೆದುಕೊಂಡಳು. ಗಂಡ ತೀರಿಕೊಂಡವಳು, ಮಡಿಲು ತುಂಬಿಸಿಕೊಳ್ಳುವುದು ತಪ್ಪಿ ಎಷ್ಟೋ ಕಾಲವಾಗಿರಬೇಕು. "ನಾಕೆಂದುಕೇ" ಎಂದಳು, ನನಗ್ಯಾಕೆ ಇದೆಲ್ಲ ಎನ್ನುವಂತೆ. "ಪಟ್ಟುಕೋ ಅವ್ವಾ" ಎಂದಳು ಹುಡುಗಿ. ಹಿಡಿದುಕೋ ಎಂದು. ಅದು ಬಾಯ್ತುಂಬ ಕರೆದ ಅವ್ವ. ಇಡೀ ಹಾಲಿಗೆ ಕೇಳಿಸಿತು.

ಈ ತುದಿಯಲ್ಲಿ ಬಣ್ಣದ ಮಿಸ್ ಸೆರಗನ್ನು ಹಾಗೇ ಹಿಡಿದಿದ್ದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ; ಅದನ್ನು ಒಬ್ಬರ ಮುಖದಲ್ಲಿ ನಾನು ನೋಡಿದ್ದು ಅಂದೇ. ಮೇಷ್ಟ್ರಿಗೆ ಅರ್ಥವಾಗಿರಬೇಕು. ತಾಯಂದಿರು ಬಾರದ ಮಕ್ಕಳನ್ನೆಲ್ಲ ಅವಳ ಕಡೆಗೇ ಕಳಿಸಿದರು. ಗಾರ್ಮೆಂಟ್ಸಿನಲ್ಲಿ ರಜೆ ಸಿಗದವರ ಮಕ್ಕಳು, ಕುರಿ ಹೊಡೆದುಕೊಂಡು ದೂರ ಹೋದವರ ಮಕ್ಕಳು. ಒಬ್ಬರಾದ ಮೇಲೆ ಒಬ್ಬರು ಬಂದು ಸುರಿದರು. ಸೆರಗು ತುಂಬಿ ಅಕ್ಕಿ ಜಮಖಾನದ ಮೇಲೆಲ್ಲ ಚೆಲ್ಲಿತು. ಅವಳು ಎಲ್ಲರ ತಲೆಯನ್ನೂ ಮುಟ್ಟಿದಳು.

ಸೀಕರಣೆಯ ಊಟವಾದ ಮೇಲೆ ಸಾಮಾನಿನ ಕೋಣೆಯಲ್ಲಿ ಅವಳು ಮೊರಗಳನ್ನು ಒಂದರೊಳಗೊಂದು ಇಡುತ್ತಿದ್ದಳು. ಅತ್ತಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವಳೇ ಶುರುಮಾಡಿದಳು.

"ಆ ಕಡೆ ಅವ್ವ ಅಂದ್ರೆ ಅಜ್ಜಿ ಅಲ್ವಾ ಅಕ್ಕ. ಅಲ್ಲಿ ಬಾಳಿದೋಳು ನಾನು, ನಂಗೇ ಹೊಳೀಬೇಕಿತ್ತು. ಮಗು ಏನ್ಮಾಡುತ್ತೆ? ಅವ್ವನ ದಿನ ಅಂದ್ರೆ ಅವ್ವನ ಹತ್ರ ಹೋಯ್ತು. ನೀವು ಹೇಳ್ದಂಗೆ ಅಮ್ಮನ ದಿನ ಅಂತ ಇಟ್ಟಿದ್ರೆ ನನ್ನ ಹತ್ರಾನೇ ಬರ್ತಿತ್ತು."

"ಹೌದು ಕಣೆ" ಎಂದೆ. ನಾನೂ ಹಾಗೆಂದೇ ನಂಬಿದ್ದೆ, ದೇವರಾಣೆ.

"ನೀವೇ ಒಂದ್ಮಾತು ಹೇಳ್ಬುಡಿ ಅವ್ಳಿಗೆ. ಈ ಕಡೆ ಅವ್ವ ಅಂದ್ರೆ ಅಮ್ಮ ಅಂತ. ಬೈದಂಗಾಗ್ಬಾರ್ದು, ಸುಮ್ನೆ ತಿಳ್ಕೊಂಡಿರ್ಲಿ. ನಾನು ಹೇಳೋಕೆ ಹೋದ್ರೆ ಸರಿಯಾಗಲ್ಲ."

ಹುಡುಗಿ ಮಲಗುವ ಕೋಣೆಯಲ್ಲಿ ತನ್ನ ಬಟ್ಟೆ ಮಡಚಿ ಬ್ಯಾಗಿಗೆ ತುಂಬುತ್ತಿದ್ದಳು. ನಾನು ಪಕ್ಕದಲ್ಲಿ ಕೂತು, ಒಂದು ಲಂಗ ಮಡಚಿಕೊಟ್ಟು, ಊರೂರಿಗೆ ಮಾತು ಹೇಗೆ ಬದಲಾಗುತ್ತದೆ ನೋಡು ಎಂದು ಟೀಚರ್ ಬುದ್ಧಿಯಿಂದಲೇ ಶುರುಮಾಡಿದೆ. ನಿಮ್ಮ ಕಡೆ ಅವ್ವ ಅಂದರೆ ಅಜ್ಜಿ, ನಮ್ಮ ಕಡೆ ಅವ್ವ ಅಂದರೆ ಅಮ್ಮ, ನಿನಗೆ ಅದು ಗೊತ್ತಿರಲಿಲ್ಲ ಅಲ್ಲವಾ ಎಂದೆ.

"ಗೊತ್ತು ಮಿಸ್" ಎಂದಳು. "ರಾತ್ರಿ ಮಧುಗಿರಿ ಹುಡುಗೀರು ಅವ್ವಾ ಅವ್ವಾ ಅಂತ ಅಳ್ತಿದ್ರು. ಅಜ್ಜಿಗೋಸ್ಕರ ಇಷ್ಟು ಅಳ್ತಾರಾ ಅಂದೆ. ಅಜ್ಜಿ ಅಲ್ಲ, ಅಮ್ಮ ಅಂತ ಅವರೇ ಹೇಳಿದ್ರು."

"ಮತ್ತೆ ಗೊತ್ತಿದ್ದೂ..." ಎಂದೆ.

ಅವಳು ಬ್ಯಾಗಿನ ಜಿಪ್ ಎಳೆಯುತ್ತಾ, ಲೆಕ್ಕದ ಉತ್ತರ ಹೇಳುವಂತೆ ಹೇಳಿದಳು: "ಬಣ್ಣದ ಮಿಸ್‌ಗೆ ಎಲ್ಲಾ ಮಕ್ಕಳೂ ಇದಾರೆ. ನಮ್ಮವ್ವಂಗೆ ನಾನೊಬ್ಳೇ."

ಸಂಜೆ ಪಾವಗಡದ ಬಸ್ಸಿನ ಹತ್ತಿರ ಬಣ್ಣದ ಮಿಸ್ ಅತ್ತೆಯ ಚೀಲವನ್ನು ಒಳಗಿಟ್ಟು, ಕಿಟಕಿಯ ಪಕ್ಕದ ಸೀಟು ಹಿಡಿದುಕೊಟ್ಟಳು. ಮಗಳ ಕೆನ್ನೆ ಸವರಿದಳು. "ಬರ್ತೀನಿ ಮಿಸ್" ಎಂದಳು ಹುಡುಗಿ. ಬಸ್ಸು ತಿರುಗಿ ಕಣ್ಣಿಗೆ ಕಾಣದಾಗುವವರೆಗೂ ಇಬ್ಬರೂ ನಿಂತಿದ್ದೆವು.

"ಹೇಳಿದ್ರಾ ಅಕ್ಕ?" ಎಂದಳು.

"ಹೇಳ್ದೆ."

"ಏನಂದ್ಳು?"

"ಗೊತ್ತಿರ್ಲಿಲ್ಲ ಅಂದ್ಳು."

ಆಗ ಅವಳಿಗೆ ಅಳು ಬಂತು. ಬೆಳಗಿನಿಂದ ತಡೆದದ್ದೆಲ್ಲ ಬಂತು. ನನ್ನ ತೋಳು ಹಿಡಿದುಕೊಂಡು, ಅಳುತ್ತಲೇ ನಗುತ್ತಾ, "ನೋಡಿದ್ರಾ, ನಾನು ಹೇಳ್ಲಿಲ್ವಾ" ಎಂದಳು.